ಕಾಲ ಉತ್ತರಿಸಿಯಾಗಿದೆ, ನೀವು ನೋಡಿಲ್ಲ

ಮಾನ್ಯರೇ,

ಅಮೆರಿಕದ ಅಧ್ಯಕ್ಷರನ್ನು ಎಲೆಕ್ಟೋರಲ್ ಕಾಲೇಜು (ರಾಜ್ಯವಾರು ನೇಮಕವಾಗುವ ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳ ಕೂಟ) ಆರಿಸಬೇಕೋ, ಜನರ ನೇರ ಮತವೋ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ಕಾಗುಣಿತಕ್ಕೆ ಕೈಹಚ್ಚಬೇಕಾಗಿಲ್ಲ. ಪೌರತ್ವ ಸಿಕ್ಕ ಮೇಲೆ ಅಂಚೆಯಲ್ಲಿ ಬಂದ ಮತಪತ್ರವನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತ ಪ್ಯಾರಾ ಚೆನ್ನಾಗಿದೆ. ಆದರೆ ಲೇಖನ ಹೀಗೇ ಅಚ್ಚಿಗೆ ಹೋಗುವುದಿಲ್ಲ.

ನನ್ನನ್ನು ಕೆರಳಿಸಿದ್ದು ಎರಡನೇ ಪುಟದ ಒಂದು ವಾಕ್ಯ: “ಚಿಕ್ಕ ರಾಜ್ಯಗಳನ್ನು ಕಾಪಾಡಲೆಂದೇ ಸಂವಿಧಾನದ ಕರ್ತೃಗಳು ಈ ಪದ್ಧತಿ ರೂಪಿಸಿದರು, ಇದಿಲ್ಲದಿದ್ದರೆ ಅಭ್ಯರ್ಥಿಗಳು ಆ ರಾಜ್ಯಗಳತ್ತ ತಿರುಗಿಯೂ ನೋಡುವುದಿಲ್ಲ.” ನೇರ ಮತ ಬೇಕು ಎನ್ನುವವರೂ ಬೇಡ ಎನ್ನುವವರೂ ಈ ಮಾತನ್ನು ಉರು ಹೊಡೆದಂತೆ ಒಪ್ಪಿಸುತ್ತಾರೆ. ನೀವೂ ಒಪ್ಪಿಸಿದ್ದೀರಿ.

ಮೊದಲ ಅರ್ಧ ನೋಡಿ. 1787ರ ಜುಲೈ 19ರಂದು ಫಿಲಡೆಲ್ಫಿಯಾದ ಸಂವಿಧಾನ ರಚನೆಯ ಸಭೆಯಲ್ಲಿ, ಆ ಕರ್ತೃಗಳಲ್ಲೊಬ್ಬರಾದ ಮ್ಯಾಡಿಸನ್ ಹೇಳಿದ್ದು ಬೇರೆಯೇ. ಜನರೇ ಆರಿಸುವುದು ಎಲ್ಲಕ್ಕಿಂತ ಯೋಗ್ಯ, ಆದರೆ ದಕ್ಷಿಣದ ಗುಲಾಮರಿಗೆ ಮತವಿಲ್ಲದ ಕಾರಣ ಆ ರಾಜ್ಯಗಳ ಪ್ರಭಾವ ಕುಗ್ಗುತ್ತದೆ, ಎಲೆಕ್ಟರ್‌ಗಳಿದ್ದರೆ ಆ ತೊಡಕಿಲ್ಲ ಎಂದರು. ಐವರು ಗುಲಾಮರನ್ನು ಮೂರು ತಲೆಯಾಗಿ ಎಣಿಸುವ ಲೆಕ್ಕ ಎಲೆಕ್ಟರ್‌ಗಳ ಸಂಖ್ಯೆಗೂ ಅನ್ವಯಿಸಿತು. ಅದರ ಲಾಭ ಉಂಡದ್ದು ಚಿಕ್ಕ ರಾಜ್ಯವಲ್ಲ. ಆಗ ಎಲ್ಲಕ್ಕಿಂತ ಹೆಚ್ಚು ಜನರಿದ್ದ ವರ್ಜೀನಿಯಾ. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ಅಲ್ಲಿಯವರೇ. ಚಿಕ್ಕ ರಾಜ್ಯಗಳ ಒತ್ತಡ ಇರಲೇ ಇಲ್ಲ ಎನ್ನುತ್ತಿಲ್ಲ. ನಿಮ್ಮ ವಾಕ್ಯದ ‘ಎಂದೇ’ಗೆ ಆಧಾರ ಕೇಳುತ್ತಿದ್ದೇನೆ.

ಇನ್ನರ್ಧ. ವಯೋಮಿಂಗ್‌ನಲ್ಲಿ 2020ರ ಜನಗಣತಿ ಪ್ರಕಾರ 5.77 ಲಕ್ಷ ಜನ, 3 ಎಲೆಕ್ಟರ್. ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ ಜನ, 54 ಎಲೆಕ್ಟರ್. ಅಲ್ಲಿ 1.92 ಲಕ್ಷ ಜನರಿಗೊಬ್ಬ, ನಿಮ್ಮಲ್ಲಿ 7.3 ಲಕ್ಷ ಜನರಿಗೊಬ್ಬ. ತೂಕ ವಯೋಮಿಂಗ್‌ಗೇ ಹೆಚ್ಚು, ಸರಿ. ಆದರೆ ಓಟು ಕೇಳಿಕೊಂಡು ಅಲ್ಲಿಗೆ ಹೋಗುವವರು ಯಾರು? ಎಲ್ಲರೂ ಬೀಡು ಬಿಡುವುದು ಪೆನ್ಸಿಲ್ವೇನಿಯಾದಲ್ಲಿ, ಮಿಷಿಗನ್‌ನಲ್ಲಿ. ಪೆನ್ಸಿಲ್ವೇನಿಯಾದ ಜನಸಂಖ್ಯೆ 1.3 ಕೋಟಿ! ರಾಜ್ಯದ ಗಾತ್ರ ಯಾರಿಗೂ ಬೇಕಿಲ್ಲ, ಅಲ್ಲಿ ಪೈಪೋಟಿ ಇದೆಯೋ ಇಲ್ಲವೋ ಅಷ್ಟೇ. ಪೈಪೋಟಿ ಇಷ್ಟು ಮುಖ್ಯವಾಗುವುದು, ರಾಜ್ಯದಲ್ಲಿ ಒಂದು ಓಟು ಮುಂದಿದ್ದವನಿಗೂ ಅಲ್ಲಿನ ಎಲೆಕ್ಟರ್‌ಗಳೆಲ್ಲ ದಕ್ಕುತ್ತಾರೆ ಎಂಬ ನಿಯಮದಿಂದ. ನಿಮ್ಮ ಆರು ಪುಟಗಳಲ್ಲಿ ಈ ನಿಯಮದ ಸುದ್ದಿಯೇ ಇಲ್ಲ.

ಇಲ್ಲಿ ನನ್ನ ಗುರುವಿನ ಮಾತು ಹೇಳದೆ ಇರಲಾಗದು. 2000ದ ನವೆಂಬರ್‌ನಲ್ಲಿ ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ರಾತ್ರಿ ಪಾಳಿಯ ಟ್ರೈನಿ. ದೇಶದ ಒಟ್ಟು ಓಟಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಗೋರ್ ಮುಂದು, ಫ್ಲೋರಿಡಾದ ಎಣಿಕೆ ಮುಗಿಯದೆ ಅಧ್ಯಕ್ಷ ಯಾರೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಚೀಫ್ ಸಬ್ ಏಜೆನ್ಸಿ ಕಾಪಿಯನ್ನು ನನ್ನತ್ತ ತಳ್ಳಿ, “ಹೆಚ್ಚಿಗಿ ಓಟು ಬಂದಾಂವ ಯಾಕ ಗೆದ್ದಿಲ್ಲ, ನವಲಗುಂದದಾಗ ಪೇಪರ್ ಓದಾಂವಗ ತಿಳಿಯೋ ಹಂಗ ಒಂದು ಬಾಕ್ಸ್ ಬರಿ” ಎಂದರು. ಬರೆದುಕೊಟ್ಟೆ. ಓದಿ ತಲೆ ಎತ್ತಿದರು.

“ಫ್ಲೋರಿಡಾದಾಗ ಎಲೆಕ್ಟರ್ ಎಷ್ಟು?”

“25, ಸರ್.”

“ಒಂದು ಓಟು ಹೆಚ್ಚಿಗಿ ಬಂದ್ರ 25ಕ್ಕ 25 ಅವಂಗ? ಹಂಗಂತ ಅವರ ಸಂವಿಧಾನದಾಗ ಬರದೈತೇನು?”

ಲೈಬ್ರರಿಯ ಕಪಾಟು ತೆಗೆಸಿ ಸಂವಿಧಾನದ ಪಠ್ಯ ಹುಡುಕಿದೆ. ಹಾಗೆ ಬರೆದಿಲ್ಲ. ಎಲೆಕ್ಟರ್‌ಗಳನ್ನು ಹೇಗೆ ನೇಮಿಸಬೇಕೆಂಬುದು ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟದ್ದು. ಮೇನ್ ಮತ್ತು ನೆಬ್ರಾಸ್ಕಾ ರಾಜ್ಯಗಳು ಇವತ್ತಿಗೂ ತಲಾ ಇಬ್ಬರನ್ನು ಬಿಟ್ಟು ಉಳಿದ ಎಲೆಕ್ಟರ್‌ಗಳನ್ನು ಸಂಸತ್ತಿನ ಕೆಳಮನೆಯ ಕ್ಷೇತ್ರವಾರು ಹಂಚುತ್ತವೆ. “ಹಂಗಾರ ಅದನ್ನ ಬರಿ, ಉಳಿದದ್ದು ಹೊಡಿ” ಎಂದು ಚಹಾಕ್ಕೆ ಎದ್ದು ಹೋದರು. ಗೋರ್ ಎದುರಾಳಿ ಬುಷ್ ಕೊನೆಗೆ ಫ್ಲೋರಿಡಾ ಗೆದ್ದದ್ದು 537 ಓಟಿನಿಂದ. ನಮ್ಮ ಚೀಫ್ ಸಬ್ ಬಾಯಿಬಿಟ್ಟು ಯಾರನ್ನೂ ಹೊಗಳಿದ್ದಿಲ್ಲ, ಸಂಬಳ ಹೆಚ್ಚಿಸಿ ಎಂದು ಮಾಲೀಕರಿಗೆ ಹೇಳಿದ್ದೂ ಇಲ್ಲ. ಆದರೂ ಕಾಪಿ ಕೈಗೆತ್ತಿಕೊಂಡರೆ ಈಗಲೂ ಅವರ ಪ್ರಶ್ನೆಯೇ ಮೊದಲು ಬರುತ್ತದೆ.

ಅದೇ ಪ್ರಶ್ನೆಯನ್ನು “ನಮ್ಮ ರಾಷ್ಟ್ರಪತಿ ಚುನಾವಣೆಯ ಹಾಗೆಯೇ” ಎಂಬ ನಿಮ್ಮ ಸಾಲಿಗೂ ಕೇಳಬೇಕು. ಕರ್ನಾಟಕದ 224 ಶಾಸಕರ ಮತಮೌಲ್ಯ ತಲಾ 131. ವಿಧಾನಸಭೆಯಲ್ಲಿ ಬಹುಮತ ಯಾರದೇ ಇರಲಿ, ವಿರೋಧ ಪಕ್ಷದ ಶಾಸಕನ 131 ಅವನು ಆರಿಸಿದವರಿಗೇ ಹೋಗುತ್ತದೆ. ಅಮೆರಿಕದ ಲೆಕ್ಕವಾಗಿದ್ದರೆ ಪೂರಾ 29,344 ಬಹುಮತದವರ ಅಭ್ಯರ್ಥಿಗೆ. ಹೋಲಿಕೆ ಇಟ್ಟುಕೊಳ್ಳುವುದಾದರೆ ಈ ವ್ಯತ್ಯಾಸಕ್ಕಾಗಿ ಇಟ್ಟುಕೊಳ್ಳಿ.

ನಿಮ್ಮ ನಿಜವಾದ ಲೇಖನ ನಾಲ್ಕನೇ ಪುಟದ ಅರ್ಧ ಸಾಲಿನಲ್ಲಿ ಹುದುಗಿದೆ: “ಪಕ್ಕದ ಮನೆಯವ ರಿಪಬ್ಲಿಕನ್, ಇಲ್ಲಿ ಓಟು ಹಾಕಿ ಏನು ಪ್ರಯೋಜನ ಎಂದು ನಗುತ್ತಾನೆ.” 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ಓಟು ಬಿದ್ದ ರಾಜ್ಯ ಟೆಕ್ಸಸ್ ಅಲ್ಲ, ಕ್ಯಾಲಿಫೋರ್ನಿಯಾ. 60 ಲಕ್ಷ ಓಟು, ಎಲೆಕ್ಟರ್ ಸೊನ್ನೆ. ಆ ಅರವತ್ತು ಲಕ್ಷದವರಲ್ಲಿ ಒಬ್ಬ ನಿಮ್ಮ ಬೇಲಿಯಾಚೆ ಇದ್ದಾನೆ, ನೀವು ಅವನನ್ನು ನಗಿಸಿ ಕಳಿಸಿಬಿಟ್ಟಿರಿ.

“ನೇರ ಮತವಿದ್ದಿದ್ದರೆ 2016ರಲ್ಲಿ ಹಿಲರಿಯೇ ಅಧ್ಯಕ್ಷೆ” ಎಂದದ್ದೂ ಇದೇ ಜಾತಿಯ ಅವಸರ. ಅವರಿಗೆ 28 ಲಕ್ಷ ಓಟು ಹೆಚ್ಚು ಬಂದದ್ದು ಇದ್ದ ನಿಯಮದಡಿ. ನಿಯಮ ಬೇರೆಯಾಗಿದ್ದರೆ ಟ್ರಂಪ್ ಲಾಸ್ ಏಂಜಲೀಸ್‌ನಲ್ಲೂ ಸಭೆ ಮಾಡುತ್ತಿದ್ದರು, ನಿಮ್ಮ ನೆರೆಯವನೂ ಉತ್ಸಾಹದಿಂದ ಸಾಲಿನಲ್ಲಿ ನಿಲ್ಲುತ್ತಿದ್ದ. ಫಲಿತಾಂಶ ಏನಾಗುತ್ತಿತ್ತೆಂದು ಹೇಳುವಂತಿಲ್ಲ.

ಕೊನೆಯದಾಗಿ ನಿಮ್ಮ ಕೊನೆಯ ಸಾಲು. “ಎರಡರಲ್ಲಿ ಯಾವುದು ಸರಿ ಎಂಬುದಕ್ಕೆ ಕಾಲವೇ ಉತ್ತರಿಸಬೇಕು.” ಈ ಸಾಲು ಕಂಡರೆ ನನಗೆ ಮೈ ಉರಿಯುತ್ತದೆ. ಕಾಲ ಉತ್ತರಿಸಿಯಾಗಿದೆ: ನೇರ ಮತದ ತಿದ್ದುಪಡಿಯನ್ನು 1969ರಲ್ಲಿ ಕೆಳಮನೆ 338–70ರಿಂದ ಒಪ್ಪಿತು, ಮರುವರ್ಷ ಮೇಲ್ಮನೆ ಸೆನೆಟ್‌ನಲ್ಲಿ ಫಿಲಿಬಸ್ಟರ್ (ಮತಕ್ಕೆ ಬಿಡದೆ ಚರ್ಚೆ ಎಳೆಯುವ ತಂತ್ರ) ಅದನ್ನು ಮುಗಿಸಿತು. ತಿದ್ದುಪಡಿಗೆ 38 ರಾಜ್ಯಗಳ ಒಪ್ಪಿಗೆ ಬೇಕು. ಅದು ಆಗದ ಹೋಗದ ಮಾತೆಂದು 2007ರಲ್ಲಿ ಮೇರಿಲ್ಯಾಂಡ್ ಬೇರೆ ದಾರಿ ಹಿಡಿಯಿತು. ದೇಶದಲ್ಲಿ ಹೆಚ್ಚು ಓಟು ಪಡೆದವರಿಗೇ ನಮ್ಮ ಎಲೆಕ್ಟರ್‌ಗಳು ಎಂದು ರಾಜ್ಯಗಳು ತಮ್ಮೊಳಗೆ ಮಾಡಿಕೊಳ್ಳುವ ಒಪ್ಪಂದ ಅದು. ಗೆಲುವಿಗೆ ಬೇಕಾದ 270 ಎಲೆಕ್ಟರ್‌ಗಳಷ್ಟು ರಾಜ್ಯಗಳು ಸೇರಿದಾಗ ಜಾರಿಗೆ ಬರುತ್ತದೆ. ನಿಮ್ಮ ಕ್ಯಾಲಿಫೋರ್ನಿಯಾವೂ ಅದರಲ್ಲಿದೆ, ನೀವು ಅದರ ಹೆಸರೆತ್ತಿಲ್ಲ.

ಒಂದು ಪಕ್ಷ ಹಿಡಿಯಿರಿ. ನನ್ನ ಒಲವು ನೇರ ಮತದ ಕಡೆಗಿದೆ, ಆದರೆ ನೀವು ತದ್ವಿರುದ್ಧ ಬರೆದರೂ ಹಾಕುತ್ತೇನೆ. ಆ ಕಡೆಗೂ ಗಟ್ಟಿ ವಾದವಿದೆ: 1960ರಲ್ಲಿ ಕೆನಡಿ–ನಿಕ್ಸನ್ ಅಂತರ ದೇಶಕ್ಕೆಲ್ಲ ಸೇರಿ ಒಂದು ಲಕ್ಷದ ಆಸುಪಾಸು. ಅಂಥ ವರ್ಷ ನೇರ ಮತವಿದ್ದರೆ ಫ್ಲೋರಿಡಾದ ಮರುಎಣಿಕೆಯ ರಗಳೆ ಐವತ್ತೂ ರಾಜ್ಯಗಳಲ್ಲಿ ನಡೆಯಬೇಕಾದೀತು. ಚಿಕ್ಕ ರಾಜ್ಯಗಳ ಕಣ್ಣೀರಿಗಿಂತ ಇದು ವಾಸಿ.

ಆರು ಪುಟ ಬೇಡ, ಮೂರು ಸಾಕು. ಜೊತೆಗೆ ಕಳಿಸಿದ ಕೆಂಪು–ನೀಲಿ ನಕ್ಷೆಯನ್ನು ತೆಗೆದಿಟ್ಟಿದ್ದೇನೆ. ನಮ್ಮ ಅಚ್ಚು ಕಪ್ಪು–ಬಿಳುಪು, ಅದರಲ್ಲಿ ಎರಡೂ ಪಕ್ಷ ಒಂದೇ ಬೂದು ಬಣ್ಣ ಕಾಣುತ್ತವೆ.

— ಸಂ.