ಬಿಲ್ಲು ಕೈಗೆ ಬಂದ ದಿನವೇ ಸಾಲಕ್ಕೆ ಓಡಬೇಡಿ

ತಾಯಿಯ ಶಸ್ತ್ರಚಿಕಿತ್ಸೆಗೆ ಮೊದಲು ಹೇಳಿದ್ದ ಅಂದಾಜಿನ ಎರಡು ಪಟ್ಟು ಬಿಲ್ಲು ಬಂದಿದೆ, ವಿಮೆಯವರು ಅರ್ಧವನ್ನೂ ಕೊಟ್ಟಿಲ್ಲ, ಉಳಿದದ್ದನ್ನು ವೈಯಕ್ತಿಕ ಸಾಲ ತೆಗೆದು ಕಟ್ಟಿಬಿಡಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಕುಳಿತು ಬಹಳ ವರ್ಷ ಇಂಥವೇ ಬಿಲ್ಲುಗಳನ್ನು ಸಿದ್ಧಪಡಿಸಿದವಳು ನಾನು. ಆಕ್ಷೇಪ ಬಂದಾಗ ಮೊತ್ತ ಇಳಿದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ನಿಮಗೆ ಕೊಟ್ಟಿರುವುದು ಬಹುಶಃ ಒಂದು ಪುಟದ ಸಾರಾಂಶ: ಕೊಠಡಿ ಬಾಡಿಗೆ, ಔಷಧ, ಪರೀಕ್ಷೆ, ಶಸ್ತ್ರಚಿಕಿತ್ಸೆ, ಇತರೆ. ಅದರಿಂದ ಏನೂ ತಿಳಿಯುವುದಿಲ್ಲ. ದಿನಾಂಕವಾರು, ಪ್ರತಿಯೊಂದರ ಸಂಖ್ಯೆ ಮತ್ತು ದರ ನಮೂದಾಗಿರುವ ವಿವರವಾದ ಬಿಲ್ಲನ್ನು ಕೇಳಿ. ಅದರೊಂದಿಗೆ ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನೂ ಕೇಳಿ. ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಟ್ಟೆವು ಎಂದು ನರ್ಸ್‌ಗಳು ಬರೆದಿಡುವ ಪಟ್ಟಿ ಅದರಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದಿ. ಬೇಸರದ ಕೆಲಸ, ಆದರೆ ನಿಮ್ಮ ಹಣ ಉಳಿಯುವುದು ಇಲ್ಲಿಯೇ.

ವಾರ್ಡಿಗೆ ತರಿಸಿದ ಔಷಧವೆಲ್ಲ ರೋಗಿಯ ಖಾತೆಗೆ ಸೇರುತ್ತದೆ. ಬಳಸದೆ ಹಿಂದಿರುಗಿಸಿದ್ದನ್ನು ಖಾತೆಯಿಂದ ಕಳೆಯದೇ ಬಿಡುವುದು ನಾನು ಅತಿ ಹೆಚ್ಚು ಕಂಡ ತಪ್ಪು. ವೈದ್ಯರು ಬರೆದು ಆಮೇಲೆ ರದ್ದು ಮಾಡಿದ ಪರೀಕ್ಷೆಗೂ ಶುಲ್ಕ ಬಿದ್ದಿರುತ್ತದೆ. ತೀವ್ರ ನಿಗಾ ಘಟಕದಿಂದ ವಾರ್ಡಿಗೆ ಬಂದ ದಿನ ಎರಡೂ ಹಾಸಿಗೆಗಳ ಪೂರ್ತಿ ಬಾಡಿಗೆ ಸೇರಿರುವುದೂ ಉಂಟು. ಪ್ಯಾಕೇಜ್ ದರ ಒಪ್ಪಿಕೊಂಡಿದ್ದರೆ, ಅದರೊಳಗೇ ಸೇರಿದ ಕೈಗವಸು, ಹೊಲಿಗೆ ದಾರಗಳನ್ನು ಮತ್ತೆ ಬೇರೆಯಾಗಿ ಲೆಕ್ಕ ಹಾಕಿದ್ದಾರೆಯೇ ನೋಡಿ. ಇಂಪ್ಲಾಂಟ್, ಅಂದರೆ ದೇಹದೊಳಗೆ ಕೂರಿಸುವ ಸಾಧನ, ಹಾಕಿದ್ದರೆ ಅದರ ಪೊಟ್ಟಣದ ಸ್ಟಿಕ್ಕರನ್ನು ಸಾಮಾನ್ಯವಾಗಿ ದಾಖಲೆಯಲ್ಲಿ ಅಂಟಿಸಿರುತ್ತಾರೆ. ಅದರಲ್ಲಿರುವ ಹೆಸರು, ಸಂಖ್ಯೆ ಬಿಲ್ಲಿನ ನಮೂದಿಗೆ ತಾಳೆಯಾಗಬೇಕು.

ಇವುಗಳ ಹಿಂದೆ ಮೋಸವೇ ಇರುತ್ತದೆ ಎನ್ನಲಾರೆ. ವಾರ್ಡು, ಪ್ರಯೋಗಾಲಯ, ಔಷಧ ವಿಭಾಗ ಎಲ್ಲರೂ ಒಂದೇ ಖಾತೆಗೆ ನಮೂದು ಮಾಡುವಾಗ ತಪ್ಪುಗಳಾಗುತ್ತವೆ. ಹಾಗಾಗಿ ದನಿ ಏರಿಸದೆ ಕೇಳಿ. ‘ಬಿಲ್ಲು ಜಾಸ್ತಿಯಾಯಿತು’ ಎಂದರೆ ಕೌಂಟರಿನವರು ಸಮಾಧಾನ ಹೇಳಿ ಕಳುಹಿಸುತ್ತಾರೆ. ‘ಈ ದಿನ ಆರು ಇಂಜೆಕ್ಷನ್ ಎಂದಿದೆ, ನರ್ಸ್ ಬರೆದಿರುವುದು ಮೂರು’ ಎಂದರೆ ಕಡತ ತೆಗೆಯಲೇಬೇಕಾಗುತ್ತದೆ. ಚಿಕಿತ್ಸೆಯ ನಡುವೆ ನಿಜವಾಗಿಯೂ ತೊಡಕು ಉಂಟಾಗಿ ಖರ್ಚು ಏರಿದ್ದರೆ ಅದೂ ದಾಖಲೆಯಲ್ಲೇ ಕಾಣುತ್ತದೆ. ಆ ಭಾಗವನ್ನು ಒಪ್ಪಿಕೊಳ್ಳುವುದು ನ್ಯಾಯ.

ವಿಮೆಯ ವಿಷಯಕ್ಕೆ ಬಂದರೆ, ಯಾವ ಷರತ್ತಿನ ಪ್ರಕಾರ ಎಷ್ಟು ಕಡಿತ ಮಾಡಿದಿರಿ ಎಂದು ಲಿಖಿತವಾಗಿ ಪಡೆಯಿರಿ. ಕೆಲವು ಪಾಲಿಸಿಗಳಲ್ಲಿ ಕೊಠಡಿ ಬಾಡಿಗೆಗೆ ಮಿತಿ ಇರುತ್ತದೆ. ಮಿತಿಯ ಎರಡು ಪಟ್ಟು ಬಾಡಿಗೆಯ ಕೊಠಡಿಯಲ್ಲಿದ್ದರೆ ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ, ಅಂದರೆ ಶೇ. 50ರಷ್ಟು, ಕತ್ತರಿಸುತ್ತಾರೆ. ಅರ್ಧವೂ ಬಂದಿಲ್ಲ ಎಂದಿದ್ದೀರಲ್ಲ, ನನಗೆ ಮೊದಲು ಅನುಮಾನ ಬಂದದ್ದು ಇದರ ಮೇಲೆಯೇ. ಔಷಧ, ಇಂಪ್ಲಾಂಟ್‌ಗಳನ್ನು ಪಾಲಿಸಿ ಈ ಕಡಿತದಿಂದ ಹೊರಗಿಟ್ಟಿದ್ದರೂ ಅವಕ್ಕೂ ಅನುಪಾತ ಹಚ್ಚಿದ್ದಾರೆಯೇ ಪರಿಶೀಲಿಸಿ. ‘ಈ ಚಿಕಿತ್ಸೆ ಅಗತ್ಯವಿರಲಿಲ್ಲ’ ಎಂಬ ಕಾರಣ ಕೊಟ್ಟಿದ್ದರೆ, ಅದೇಕೆ ಬೇಕಾಯಿತು ಎಂದು ಶಸ್ತ್ರಚಿಕಿತ್ಸಕರಿಂದ ಪತ್ರ ಬರೆಸಿ ಮೇಲ್ಮನವಿ ಸಲ್ಲಿಸಿ. ಗಡುವು ತಪ್ಪಬಾರದು.

ಇಷ್ಟಾದ ಮೇಲೂ ಉಳಿಯುವ ಮೊತ್ತಕ್ಕೆ ಮೊದಲು ಕಂತು ಕೇಳಿ. ಬ್ಯಾಂಕಿನ ಸಾಲಕ್ಕೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ, ಆಸ್ಪತ್ರೆಯ ಕಂತಿಗೆ ಬಡ್ಡಿ ಇಲ್ಲದಿರಬಹುದು. ಮೇಲಾಗಿ, ಪೂರ್ತಿ ಹಣ ಕಟ್ಟಿದ ಮೇಲೆ ನಿಮ್ಮ ಆಕ್ಷೇಪಕ್ಕೆ ಕಿವಿಗೊಡುವವರು ಕಡಿಮೆ. ಬಡ ರೋಗಿಗಳ ನೆರವು ನಿಧಿ ಇದೆಯೇ ಎಂದು ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳುವುದಕ್ಕೆ ಸಂಕೋಚಪಡಬೇಡಿ. ಇಂಥ ನಿಧಿಯ ಸುದ್ದಿಯನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ರಿಯಾಯಿತಿ ಒಪ್ಪಿದರೆ, ‘ಇನ್ನು ಬಾಕಿ ಇಲ್ಲ’ ಎಂಬ ಪತ್ರ ಸಿಕ್ಕ ಮೇಲೆಯೇ ವ್ಯವಹಾರ ಮುಗಿಯಿತೆಂದು ತಿಳಿಯಿರಿ.

ಬಾಕಿಗೆ ಹೆದರಿ ತಾಯಿಯ ಮರುತಪಾಸಣೆಯನ್ನು ಮಾತ್ರ ಮುಂದೂಡಬೇಡಿ. ಗಾಯ ಸೋಂಕಾದರೆ ಅವರಿಗೂ ಸಂಕಟ, ಖರ್ಚೂ ಮತ್ತೆ ಮೊದಲಿನಿಂದ. ತಪಾಸಣೆಗೆ ಹೋದ ದಿನವೇ ದಾಖಲೆಗಳ ಪ್ರತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.