ಎಂಟು ವರ್ಷದ ಇಗ್ವಾನಾ ಕೂಡ ಪಳಗಬಹುದು

ಮೇಡಂ, ಬೇರೆಯವರು ಬಿಟ್ಟುಹೋದ ಎಂಟು ವರ್ಷದ ಹಸಿರು ಇಗ್ವಾನಾ (ಹಲ್ಲಿ ಜಾತಿಯ ದೊಡ್ಡ ಸರೀಸೃಪ), ಮನೆಗೆ ಬಂದು ಎರಡು ವಾರವಾದರೂ ಕೈ ಹಾಕಿದ ತಕ್ಷಣ ಬಾಲದಲ್ಲಿ ಬಾರಿಸುತ್ತದೆ ಅಂದಿದ್ದೀರಿ. ಅದಕ್ಕೆ ಸಿಟ್ಟಲ್ಲ, ಭಯ. ಎರಡು ವಾರ ಏನೂ ಅಲ್ಲ, ತಿಂಗಳುಗಟ್ಟಲೆ ಬೇಕು.

ಕೈಯನ್ನು ಮೇಲಿನಿಂದ ತರಬೇಡಿ. ಅದರ ನೆತ್ತಿಯಲ್ಲಿ ಮೂರನೇ ಕಣ್ಣಿದೆ. ಚಿತ್ರ ಕಾಣುವುದಿಲ್ಲ, ಆದರೆ ನೆರಳು ಬಿದ್ದರೆ ತಿಳಿಯುತ್ತದೆ. ನೆರಳು ಅಂದರೆ ಅದಕ್ಕೆ ಹದ್ದು ಬಂದ ಹಾಗೆ. ಪಕ್ಕದಿಂದ, ಕಣ್ಣಿಗೆ ಕಾಣುವ ಹಾಗೆ ನಿಧಾನಕ್ಕೆ ಬನ್ನಿ.

ನಮ್ಮದೂ ದೊಡ್ಡದಾದ ಮೇಲೆ ಬಂದದ್ದೇ. ಮೊದಲ ತಿಂಗಳು ಮುಟ್ಟಲೇ ಇಲ್ಲ. ದಿನಾ ಬೆಳಿಗ್ಗೆ ಗೂಡಿನ ಪಕ್ಕ ಸುಮ್ನೆ ಕೂತು ಪೇಪರ್ ಓದುತ್ತಿದ್ದೆ. ಆಮೇಲೆ ಕೆಂಪು ದಾಸವಾಳ ಶುರು ಮಾಡಿದೆ. ಮೊದಲು ತಟ್ಟೆಯಲ್ಲಿ, ನಂತರ ತೊಟ್ಟು ಹಿಡಿದು. ಒಂದು ದಿನ ನನ್ನ ಬೆರಳಿಗೆ ನಾಲಿಗೆ ತಾಗಿಸಿ ನೋಡಿ, ಮೆಲ್ಲಗೆ ಹೂವು ಕಿತ್ತುಕೊಂಡಿತು. ಕಣ್ಣು ತುಂಬಿ ಬಂತು ನನಗೆ.

ಗಂಟಲ ಚೀಲ ಬಿಚ್ಚಿ, ಮೈ ಚಪ್ಪಟೆ ಮಾಡಿ ಅಡ್ಡ ನಿಂತರೆ ಕೈಯನ್ನು ಅಲ್ಲೇ ನಿಲ್ಲಿಸಿ. ಅದು ಸಡಿಲವಾದ ಮೇಲೆ ಹಿಂದೆ ತೆಗೆಯಿರಿ. ಬೆದರಿಸಿದಾಗಲೇ ಕೈ ತೆಗೆದರೆ, ಬಾಲ ಬೀಸಿದರೆ ಇವರು ಓಡುತ್ತಾರೆ ಅಂತ ಕಲಿತುಬಿಡುತ್ತದೆ. ಬಾಲ ಹಿಡಿಯಲೇಬೇಡಿ, ತುಂಡಾಗಿ ಕೈಗೆ ಬರಬಹುದು.

ಹಳೇ ಮನೆಯಲ್ಲಿ ಯುವಿಬಿ ದೀಪ, ಅಂದರೆ ಬಿಸಿಲಿನಂಥ ನೇರಳಾತೀತ ಕಿರಣ ಕೊಡುವ ದೀಪ ಇತ್ತಾ? ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ನೋವಿರಬಹುದು. ಸರೀಸೃಪ ನೋಡುವ ಡಾಕ್ಟರಿಗೆ ಮೊದಲು ತೋರಿಸಿ.