ಹಿತ್ತಾಳೆ ಕಪ್ ಡೀಪ್ ಡ್ರಾ ಮಾಡುವಾಗ (ತಗಡನ್ನು ಪಂಚಿನಿಂದ ಡೈಯ ಕುಳಿಯೊಳಗೆ ತಳ್ಳಿ ಕಪ್ಪಿನ ಆಕಾರಕ್ಕೆ ಎಳೆಯುವಾಗ) ಗೀರು ಬೀಳುತ್ತಿದೆ, ಕೆಲವು ತಳದಲ್ಲೇ ಹರಿಯುತ್ತಿವೆ. ಎಣ್ಣೆ ಎಲ್ಲಿ ಹಚ್ಚಬೇಕು?

ಬ್ಲ್ಯಾಂಕಿನ (ಕತ್ತರಿಸಿದ ತಗಡಿನ ಬಿಲ್ಲೆಯ) ಡೈ ಕಡೆ ಮುಖಕ್ಕೆ ಹಚ್ಚಿ, ಅದು ಸುಕ್ಕಾಗದಂತೆ ಹಿಡಿಯುವ ಬ್ಲ್ಯಾಂಕ್ ಹೋಲ್ಡರ್ ಒತ್ತುವ ಅಂಚಿಗೂ ತೆಳ್ಳಗೆ ಸವರಿ. ಪಂಚಿನ ಮೂತಿ ಮಾತ್ರ ಒಣಗಿರಲಿ. ಅಲ್ಲಿನ ಘರ್ಷಣೆಯೇ ಕಪ್ಪಿನ ತಳವನ್ನು ಹಿಡಿದುಕೊಳ್ಳುತ್ತದೆ. ಎಣ್ಣೆ ಬಿದ್ದರೆ ತಳದ ತಿರುವಿನಲ್ಲಿ ತಗಡು ಜಾರಿ ತೆಳುವಾಗಿ ಹರಿಯುತ್ತದೆ. ಬ್ಲ್ಯಾಂಕನ್ನು ಎಣ್ಣೆ ಡಬ್ಬಿಯಲ್ಲಿ ಅದ್ದಿ ಎತ್ತುವ ರೂಢಿ ಇದ್ದರೆ ಅದನ್ನು ಮೊದಲು ಬಿಡಿ.

ಗೀರಿಗೆ ಕಾರಣ ಡೈ ತಿರುವಿಗೆ ಅಂಟಿದ ಹಿತ್ತಾಳೆ. ಉಗುರು ಎಳೆದು ನೋಡಿ: ತಡೆದರೆ, ಹಳದಿ ಮಿಂಚು ಕಂಡರೆ, ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಿಲ್ಲ. ನಯವಾದ ಎಮರಿಯಿಂದ ಲೋಹ ಜಾರುವ ದಿಕ್ಕಿನಲ್ಲೇ ಪಾಲಿಶ್ ಮಾಡಿ, ಅಡ್ಡ ಬೇಡ.

ಸಾಬೂನು ಆಧಾರಿತ ಡ್ರಾಯಿಂಗ್ ದ್ರಾವಣ ಹಿತ್ತಾಳೆಗೆ ಚೆನ್ನಾಗಿ ಒಗ್ಗುತ್ತದೆ. ಸಕ್ರಿಯ ಗಂಧಕವಿರುವ ಎಣ್ಣೆ ಕಪ್ಪು ಕಲೆ ಬಿಡುತ್ತದೆ. ಅನೀಲ್ ಮಾಡುವ (ಕಾಯಿಸಿ ಮೆದುವಾಗಿಸುವ) ಮೊದಲು ಪೂರ್ತಿ ತೊಳೆಯಿರಿ, ಇಲ್ಲದಿದ್ದರೆ ಉಳಿದದ್ದು ಸುಟ್ಟು ಕಚ್ಚಿಕೊಳ್ಳುತ್ತದೆ.

ಅಮೋನಿಯಾ ಇರುವ ಯಾವುದನ್ನೂ ಹತ್ತಿರ ತರಬೇಡಿ, ತೊಳೆಯುವುದಕ್ಕೂ ಬೇಡ, ಹಿತ್ತಾಳೆ ಸೀಳುತ್ತದೆ. 70/30 ಹಿತ್ತಾಳೆಗೆ (70 ಭಾಗ ತಾಮ್ರ, 30 ಭಾಗ ಸತು) ಕಾರ್ಟ್ರಿಜ್ ಬ್ರಾಸ್ ಎಂಬ ಹೆಸರು ಬಂದದ್ದೇ ತೋಟಾ ಕೋಶಗಳಿಂದ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ಅಂಥ ಕೋಶಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು: ಮೂತ್ರದ ಅಮೋನಿಯಾ, ತೇವ, ಎಳೆತದಿಂದ ಒಳಗೆ ಉಳಿದ ಒತ್ತಡ, ಮೂರೂ ಸೇರಿದ್ದರಿಂದ. ಮುಗಿದ ಕಪ್ಪನ್ನು ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಗಡಸುತನ ಹೆಚ್ಚು ಕಳೆಯದೆ ಆ ಒತ್ತಡ ಇಳಿಯುತ್ತದೆ.